ಒಂದೇ ಊರು, ಎರಡು ಬಾವಿ

ಬಂಗಾರಪೇಟೆಯ ಪಾನಿಪೂರಿಯ ಕೀರ್ತಿ ಈಗ ಊರ ಗಡಿಯನ್ನು ದಾಟಿ ಬೆಂಗಳೂರಿನ ಬೀದಿಗಳನ್ನೂ ಮುಟ್ಟಿದೆ. ಬೇರೆ ಕಡೆಯ ಪಾನಿ ಹಸಿರಾಗಿಯೋ ಕಂದಾಗಿಯೋ ಇದ್ದರೆ ಇಲ್ಲಿಯದು ಆಗತಾನೆ ಸೇದಿದ ನೀರಿನಂತೆ ತಿಳಿಯಾಗಿರುತ್ತದೆ. ಇದರಲ್ಲಿ ಏನೂ ಇಲ್ಲವೆಂದುಕೊಂಡು ಬಾಯಿಗಿಟ್ಟ ಹೊಸಬರಿಗೆ ಖಾರವೂ ಹುಳಿಯೂ ಒಟ್ಟಿಗೇ ಬುದ್ಧಿ ಕಲಿಸುತ್ತವೆ. ಕಣ್ಣಿಗೆ ಕಾಣದ್ದು ಅಲ್ಲಿ ನಾಲಗೆಗಾದರೂ ತಿಳಿಯುತ್ತದೆ. ಆದರೆ ಇದೇ ಸೀಮೆಯ ಕುಡಿಯುವ ನೀರಿನಲ್ಲಿ ಇನ್ನೊಂದು ಪದಾರ್ಥವುಂಟು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಾವು ಕುಡಿಯುವ ನೀರಿನಲ್ಲಿರುವಷ್ಟಕ್ಕೆ ರುಚಿಯೂ ಇಲ್ಲ. ಅದು ತನ್ನ ಇರವನ್ನು ತಿಳಿಸುವುದು ವರ್ಷಗಳು ಕಳೆದ ಮೇಲೆ; ಮಕ್ಕಳ ಹಲ್ಲಿನಲ್ಲಿ, ದೊಡ್ಡವರ ಬೆನ್ನಿನಲ್ಲಿ. ಅದರ ಹೆಸರು ಫ್ಲೋರೈಡು.

ಫ್ಲೋರೈಡು ವಿಷವೇ ಎಂದು ನೀವು ಕೇಳಬಹುದು. ಹೌದೆಂದರೂ ತಪ್ಪು, ಅಲ್ಲವೆಂದರೂ ತಪ್ಪು. ಅಲ್ಪ ಪ್ರಮಾಣದಲ್ಲಿದ್ದರೆ ಅದು ಹಲ್ಲಿಗೆ ಹುಳುಕು ಹಿಡಿಯದಂತೆ ಕಾಪಾಡುತ್ತದೆ. ಈ ಗುಣವನ್ನು ಕಂಡೇ 1945ರಲ್ಲಿ ಅಮೆರಿಕದ ಗ್ರ್ಯಾಂಡ್ ರ್ಯಾಪಿಡ್ಸ್ ಎಂಬ ನಗರದವರು ನಲ್ಲಿಯ ನೀರಿಗೆ ಫ್ಲೋರೈಡನ್ನು ತಾವಾಗಿಯೇ ಸೇರಿಸತೊಡಗಿದರು. ಪ್ರಮಾಣ ಮೀರಿದರೆ ಅದೇ ವಸ್ತು ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ. ನಮ್ಮ ದೇಶದ ಮಾನಕ ಸಂಸ್ಥೆಯು ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಒಪ್ಪತಕ್ಕ ಮಿತಿಯೆಂದು ಹೇಳಿದೆ. ಬೇರೆ ನೀರಿಲ್ಲದ ಪಕ್ಷದಲ್ಲಿ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದು, ಅದಕ್ಕೆ ಮೇಲಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಎಲ್ಲೆಯೂ ಈ 1.5 ಮಿಲಿಗ್ರಾಮೇ. ಒಂದು ಕೊಡ ನೀರಿನಲ್ಲಿ ಒಂದು ಚಿಟಿಕೆಗೂ ಎಷ್ಟೋ ಕಡಮೆಯಾದ ಈ ಅಳತೆಯ ಹೆಚ್ಚುಕಡಮೆಯಲ್ಲಿ ಒಂದು ಮಗುವಿನ ಹಲ್ಲಿನ ಹಣೆಬರಹ ಅಡಗಿದೆ. ಕೋಲಾರ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಈ ಎಲ್ಲೆ ಮೀರಿದೆ. ಬಂಗಾರಪೇಟೆಯ ಸೀಮೆಯೂ ಇದಕ್ಕೆ ಹೊರತಲ್ಲ.

ಆದರೆ ಎಲ್ಲ ಬಾವಿಗಳಲ್ಲಿಯೂ ಮೀರಿಲ್ಲ. ನಾವು ವಿಚಾರ ಮಾಡಬೇಕಾದದ್ದು ಇದನ್ನೇ. ಒಂದೇ ಊರಿನಲ್ಲಿ, ಒಂದೇ ಬೀದಿಯ ಎರಡು ತುದಿಗಳಲ್ಲಿ, ಒಂದು ಬಾವಿಯ ನೀರು ನಿರಪಾಯವಾಗಿಯೂ ಇನ್ನೊಂದರ ನೀರು ಹಾನಿಕರವಾಗಿಯೂ ಇರುವುದುಂಟು. ಏಕೆ?

ಕಲ್ಲು ಕರಗಿ ನೀರಾದಾಗ

ಫ್ಲೋರೈಡು ಮೇಲಿನಿಂದ ಬಂದದ್ದಲ್ಲ. ಮಳೆಯ ನೀರಿನಲ್ಲಿ ಅದು ಇಲ್ಲವೆಂದೇ ಹೇಳಬೇಕು. ಅದು ಬರುವುದು ಬಂಡೆಯಿಂದ. ಚಿನ್ನದ ಗಣಿಗಳಿದ್ದ ಕರಿಗಲ್ಲಿನ ಸೀಮೆ ತೆಂಕುಬಡಗಾಗಿ ಚಾಚಿದ ಒಂದು ಕಿರಿದಾದ ಪಟ್ಟಿ ಮಾತ್ರ. ಅದರ ಎರಡು ಕಡೆಗೂ ಹಬ್ಬಿರುವುದು ಬೆಣಚುಕಲ್ಲಿನ ಜಾತಿಗೆ ಸೇರಿದ, ಬಹು ಪುರಾತನವಾದ ಬಂಡೆ. ಈ ಬಂಡೆಯಲ್ಲಿ ಮಿಣಮಿಣ ಹೊಳೆಯುವ ಕಪ್ಪು ಕಾಗೆಬಂಗಾರ, ಅಪಟೈಟು, ಫ್ಲೋರೈಟು ಮುಂತಾದ ಖನಿಜಗಳು ಚದರಿಕೊಂಡಿವೆ. ಫ್ಲೋರೈಡು ಇವುಗಳ ಒಡಲಲ್ಲಿದೆ. ಮಳೆಯ ನೀರು ಮಣ್ಣಿನಲ್ಲಿ ಇಂಗಿ, ಬಂಡೆಯ ಬಿರುಕುಗಳಲ್ಲಿ ಹರಿದು ನಿಂತು, ವರ್ಷಾನುಗಟ್ಟಲೆ ಕಲ್ಲಿನ ಸಂಗಡ ಕಾಲ ಕಳೆಯುವಾಗ ಅದನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿಕೊಳ್ಳುತ್ತದೆ.

ಹೀಗೆ ಕರಗುವ ಪ್ರಮಾಣವನ್ನು ನಿರ್ಧರಿಸುವ ಸಂಗತಿಗಳು ಮುಖ್ಯವಾಗಿ ಮೂರು. ಮೊದಲನೆಯದು, ಆ ಬಿರುಕಿನ ಸುತ್ತ ಯಾವ ಖನಿಜವಿದೆ ಎಂಬುದು. ಬಂಡೆ ಎಲ್ಲ ಕಡೆಯಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ನೂರು ಗಜದಲ್ಲಿ ಅದರ ಗುಣ ಬದಲಾಗಬಹುದು. ಎರಡನೆಯದು, ನೀರು ಎಷ್ಟು ಕಾಲ ಕಲ್ಲಿನೊಡನೆ ಇದ್ದಿತು ಎಂಬುದು. ಮೇಲಿನ ನೀರು ಹೊಸ ನೀರು, ಪ್ರತಿ ಮಳೆಗಾಲದಲ್ಲಿಯೂ ತಿಳಿಯಾಗುವ ನೀರು. ಆಳದ ನೀರು ಹಳೆಯ ನೀರು. ಮೂರನೆಯದು, ನೀರಿನಲ್ಲಿ ಸುಣ್ಣದ ಅಂಶ ಎಷ್ಟಿದೆ ಎಂಬುದು. ಸುಣ್ಣ ಹೆಚ್ಚಾಗಿರುವ ಗಡಸು ನೀರಿನಲ್ಲಿ ಫ್ಲೋರೈಡು ಬಹಳ ಹೊತ್ತು ಕರಗಿ ನಿಲ್ಲಲಾರದು. ಸುಣ್ಣದೊಡನೆ ಕೂಡಿ ತಳಕ್ಕಿಳಿಯುತ್ತದೆ. ಸುಣ್ಣ ಕಡಮೆಯಾಗಿ ಸೋಡದ ಗುಣ ಹೆಚ್ಚಾಗಿರುವ ಮೆದುನೀರಿನಲ್ಲಿ ಅದಕ್ಕೆ ತಡೆಯೇ ಇಲ್ಲ.

ಈ ಮೂರನೆಯ ಸಂಗತಿಯನ್ನು ಗೃಹಿಣಿಯರು ವಿಶೇಷವಾಗಿ ಗಮನಿಸಬೇಕು. ಬೇಳೆ ಬೇಗ ಬೆಂದರೆ, ಸಾಬೂನು ಚೆನ್ನಾಗಿ ನೊರೆ ಕೊಟ್ಟರೆ ಅದು ಒಳ್ಳೆಯ ನೀರೆಂದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಂಬಿಕೆಯಿದೆ. ಗಡಸುತನದ ಮಟ್ಟಿಗೆ ಆ ಪರೀಕ್ಷೆ ಸರಿಯೇ. ಫ್ಲೋರೈಡಿನ ಮಟ್ಟಿಗೆ ಅದು ಸಲ್ಲುವುದಿಲ್ಲ. ಬೇಳೆ ಬೆಣ್ಣೆಯಂತೆ ಬೇಯುವ ನೀರಿನಲ್ಲಿಯೇ ಫ್ಲೋರೈಡು ಹೆಚ್ಚಾಗಿರುವುದು ಅಪರೂಪವೇನಲ್ಲ.

ಹಿಂದೆ ಇರದ ತೊಂದರೆ ಈಗೇಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಕೋಲಾರ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ನದಿಯಿಲ್ಲ. ಮಳೆಯೂ ವರ್ಷಕ್ಕೆ ಎಪ್ಪತ್ತು ಸೆಂಟಿಮೀಟರಿನ ಆಸುಪಾಸು. ಆದ್ದರಿಂದಲೇ ಹಿಂದಿನವರು ಸಾವಿರಾರು ಕೆರೆಗಳನ್ನು ಕಟ್ಟಿದರು. ಕೆರೆ ತುಂಬಿದರೆ ಅಚ್ಚುಕಟ್ಟಿನ ಸೇದುವ ಬಾವಿಗಳೂ ತುಂಬುತ್ತಿದ್ದವು. ಊರು ಕುಡಿಯುತ್ತಿದ್ದದ್ದು ಮೇಲಿನ ಹೊಸ ನೀರನ್ನು. ಅನಂತರ ಪಂಪುಗಳು ಬಂದವು, ಕೊಳವೆಬಾವಿಗಳು ಬಂದವು. ಸೇದುವ ಬಾವಿಗಳು ಬತ್ತಿದವು. ಇನ್ನೂರು ಅಡಿಗೆ ಸಿಗುತ್ತಿದ್ದ ನೀರಿಗಾಗಿ ಈಗ ಸಾವಿರ ಅಡಿಗೂ ಕೆಳಗೆ ಕೊರೆಯುವುದುಂಟು. ಜಿಲ್ಲೆಯ ಎಲ್ಲ ತಾಲ್ಲೂಕುಗಳಲ್ಲಿಯೂ ಇಂಗುವುದಕ್ಕಿಂತ ಎತ್ತುವುದು ಹೆಚ್ಚೆಂದು ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕ ಹೇಳುತ್ತದೆ. ನಾವು ಆಳಕ್ಕೆ ಇಳಿದಷ್ಟೂ ಹಳೆಯ ನೀರನ್ನು ಎತ್ತುತ್ತಿದ್ದೇವೆ. ಹಳೆಯ ನೀರಿನೊಡನೆ ಕಲ್ಲಿನ ಸಾರವನ್ನೂ ಎತ್ತುತ್ತಿದ್ದೇವೆ.

ಕಂಡುಹಿಡಿದ ಬಗೆ

ನೀರಿಗೂ ಹಲ್ಲಿಗೂ ಇರುವ ಈ ನಂಟನ್ನು ಕಂಡುಹಿಡಿದ ಕಥೆ ಸ್ವಾರಸ್ಯವಾಗಿದೆ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವಕ ದಂತವೈದ್ಯರು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದಾಗ ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದುಬಣ್ಣದ ಕಲೆಗಳನ್ನು ಕಂಡರು. ಕಾರಣಕ್ಕಾಗಿ ಅವರು ಮೂವತ್ತು ವರ್ಷ ಹುಡುಕಿದರು. 1923ರಲ್ಲಿ ಐಡಹೊ ಸೀಮೆಯ ಓಕ್ಲಿ ಎಂಬ ಊರಿನ ತಾಯ್ತಂದೆಗಳು, ದೂರದ ಒಂದು ಬಿಸಿನೀರಿನ ಚಿಲುಮೆಯಿಂದ ಊರಿಗೆ ಕೊಳಾಯಿ ಹಾಕಿಸಿದ ಮೇಲೆ ತಮ್ಮ ಮಕ್ಕಳ ಹಲ್ಲಿನಲ್ಲಿ ಕಲೆಗಳು ತೋರಿದುವೆಂದು ಅವರಿಗೆ ಹೇಳಿದರು. ಮೆಕೇಯವರು ಆ ನೀರನ್ನು ಪರೀಕ್ಷಿಸಿದರು, ಏನೂ ಸಿಕ್ಕಲಿಲ್ಲ. ಆದರೂ ಆ ಕೊಳಾಯಿಯನ್ನು ಬಿಟ್ಟು ಬೇರೊಂದು ಚಿಲುಮೆಯ ನೀರನ್ನು ಬಳಸಿರೆಂದು ಸಲಹೆಯಿತ್ತರು. ಕೆಲವೇ ವರ್ಷಗಳಲ್ಲಿ, ಆ ಮೇಲೆ ಹಲ್ಲು ಬಂದ ಕಿರಿಯ ಮಕ್ಕಳ ಬಾಯಿ ಬೆಳ್ಳಗಾಯಿತು. ಹಿರಿಯ ಮಕ್ಕಳ ಕಲೆಗಳು ಹಾಗೆಯೇ ಉಳಿದವು. ಕಲೆಗೆ ಕಾರಣ ಫ್ಲೋರೈಡೆಂಬುದು ಗೊತ್ತಾದದ್ದು 1931ರಲ್ಲಿ, ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞರಿಂದ.

ನಮ್ಮ ದೇಶದಲ್ಲಿ ಇದರ ಮೊದಲ ವೈದ್ಯವರದಿ ಬಂದದ್ದು ನಮ್ಮ ನೆರೆಯಿಂದಲೇ. ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಬೆನ್ನು ಬಾಗದೆ, ಕತ್ತು ತಿರುಗದೆ ಮರಗಟ್ಟಿದಂತಾಗಿದ್ದ ರೈತರನ್ನು ಪರೀಕ್ಷಿಸಿ, ಶಾರ್ಟ್ ಎಂಬ ವೈದ್ಯರೂ ಅವರ ಸಂಗಡಿಗರೂ 1937ರಲ್ಲಿ ಅದನ್ನು ಪ್ರಕಟಿಸಿದರು. ಹಲ್ಲಿನ ಕಲೆ ಮಾತ್ರವಲ್ಲ, ಮೂಳೆಯ ರೋಗವೂ ಈ ನೀರಿನಿಂದ ಬರುತ್ತದೆಂದು ನಮ್ಮವರಿಗೆ ಆಗ ತಿಳಿಯಿತು.

ನೆಲದ ಗುಣವು ಹೀಗೆ ಮೈಗೆ ಬರುವುದಕ್ಕೆ ಇನ್ನೊಂದು ನಿದರ್ಶನ ಸೆಲೆನಿಯಂ ಎಂಬ ಧಾತು. ನಮಗೆ ಅದು ದಿನಕ್ಕೆ 40ರಿಂದ 55 ಮೈಕ್ರೋಗ್ರಾಂ ಸಾಕು. ಅಷ್ಟು ಬೇಕೇ ಬೇಕು. ಚೀನಾದೇಶದ ಕೆಶಾನ್ ಎಂಬ ಸೀಮೆಯ ಮಣ್ಣಿನಲ್ಲಿ ಅದು ತೀರ ಕಡಮೆಯಾದದ್ದರಿಂದ ಜನರಿಗೆ ಒಂದು ಬಗೆಯ ಹೃದ್ರೋಗ ಬಂದಿತು. ನಮ್ಮ ಪಂಜಾಬಿನ ಹೋಶಿಯಾರ್‌ಪುರ, ನವಾನ್‌ಶಹರ್ ಕಡೆಯ ಕೆಲವು ಹೊಲಗಳಲ್ಲಿ ಅದೇ ಧಾತು ಮಿತಿಮೀರಿದ್ದು, ಅಲ್ಲಿಯ ಗೋಧಿಯಲ್ಲಿಯೂ ಮೇವಿನಲ್ಲಿಯೂ ಹೆಚ್ಚಾಗಿರುತ್ತದೆ. ಹೆಸರು ಗೋಧಿಯೇ ಆದರೂ ಹೊಲ ಬೇರೆಯಾದರೆ ಸತ್ವ ಬೇರೆ. ಆದರೆ ಸೆಲೆನಿಯಂ ನಮಗೆ ಬಹುಮಟ್ಟಿಗೆ ಬರುವುದು ಆಹಾರದಿಂದ. ಪೇಟೆಯಲ್ಲಿರುವವರ ಮನೆಗೆ ಗೋಧಿ ಒಂದು ರಾಜ್ಯದಿಂದ, ಅಕ್ಕಿ ಇನ್ನೊಂದರಿಂದ, ರಾಗಿ ಊರ ಹೊಲದಿಂದ ಬರುತ್ತದೆ. ಹೀಗೆ ಹಲವು ನೆಲಗಳ ಫಲ ಬೆರೆಯುವುದರಿಂದ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಫ್ಲೋರೈಡು ಮುಖ್ಯವಾಗಿ ಬರುವುದು ನೀರಿನಿಂದ. ನೀರು ರೈಲು ಹತ್ತಿ ಬರುವುದಿಲ್ಲ. ಒಂದು ಮನೆಯವರು ಒಂದೇ ಬಾವಿಯ ನೀರನ್ನು ಹುಟ್ಟಿದಂದಿನಿಂದ ಕುಡಿಯುತ್ತಾರೆ. ಆ ಬಾವಿ ಕೆಟ್ಟದ್ದಾದರೆ ಅದರ ಕೆಡುಕು ಹಂಚಿಹೋಗದೆ ಆ ಮನೆಯಲ್ಲಿಯೇ ಕೂಡಿಕೊಳ್ಳುತ್ತದೆ.

ಅಡುಗೆಯ ಮನೆಯ ಲೆಕ್ಕ

ಈಗ ನಮ್ಮ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನನ್ನು ತುಂಬಿಸಿಕೊಂಡು ಬಂದರೆ ಮನೆಯವರಿಗೆಲ್ಲ ಕುಡಿಯಲು ಸಾಲುತ್ತದೆ. ಅನೇಕರು ಅಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಅಡುಗೆಗೆ ಮಾತ್ರ ನಲ್ಲಿಯ ನೀರು. ಕುದಿಸಿದರೆ ಎಲ್ಲ ಸರಿಹೋಗುತ್ತದಲ್ಲ ಎಂಬ ಧೈರ್ಯ.

ಕುದಿಸಿದರೆ ಸಾಯುವುದು ರೋಗಾಣು. ಫ್ಲೋರೈಡು ಸಾಯುವ ವಸ್ತುವೂ ಅಲ್ಲ, ಆವಿಯಾಗಿ ಹೋಗುವ ವಸ್ತುವೂ ಅಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ. ಹುರುಳಿಸಾರನ್ನು ಕುದಿಸಿ ಇಳಿಸಿದರೆ ರುಚಿಯೊಂದೇ ಅಲ್ಲ, ಇದೂ ಹದಕ್ಕೆ ಬರುತ್ತದೆ! ಮುದ್ದೆಯ ಹಿಟ್ಟು ತನಗಿಂತ ಹೆಚ್ಚು ತೂಕದ ನೀರನ್ನು ಕುಡಿದು ನಿಲ್ಲುತ್ತದೆ. ಗಂಜಿ ಬಸಿದ ಅನ್ನದಲ್ಲಿ ಫ್ಲೋರೈಡಿನ ಒಂದು ಪಾಲು ಗಂಜಿಯೊಡನೆ ಹೊರಟುಹೋಗುತ್ತದೆ. ಕುಕ್ಕರಿನ ಅನ್ನದಲ್ಲಿ ಹಾಕಿದ ನೀರೆಲ್ಲ ಒಳಗೇ.

ಒಂದು ಲೆಕ್ಕ ಹಾಕೋಣ. ನಲ್ಲಿಯ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ, ಕ್ಯಾನಿನ ನೀರಿನಲ್ಲಿ 0.3 ಮಿಲಿಗ್ರಾಂ ಫ್ಲೋರೈಡು ಇದೆಯೆಂದಿಟ್ಟುಕೊಳ್ಳಿ. ದೊಡ್ಡವರೊಬ್ಬರು ದಿನಕ್ಕೆ ಕ್ಯಾನಿನ ನೀರನ್ನು ಎರಡು ಲೀಟರ್ ಕುಡಿದರೆ 0.6 ಮಿಲಿಗ್ರಾಂ ಆಯಿತು. ಮುದ್ದೆ, ಅನ್ನ, ಸಾರು, ಕಾಫಿಗಳ ರೂಪದಲ್ಲಿ ಅವರ ಹೊಟ್ಟೆಗೆ ಹೋದ ನಲ್ಲಿಯ ನೀರು ಒಂದು ಲೀಟರ್ ಎಂದರೆ 3 ಮಿಲಿಗ್ರಾಂ ಆಯಿತು. ಒಟ್ಟು 3.6 ಮಿಲಿಗ್ರಾಮಿನಲ್ಲಿ ಆರಕ್ಕೆ ಐದು ಪಾಲು ಬಂದದ್ದು ಒಲೆಯ ಮೇಲಿಂದ. ಅಡುಗೆಗೂ ಕ್ಯಾನಿನ ನೀರನ್ನೇ ಬಳಸಿದ್ದರೆ ಒಟ್ಟು 0.9 ಮಿಲಿಗ್ರಾಂ ಮಾತ್ರ. ಆದ್ದರಿಂದ ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಯಾವ ನೀರಾದರೂ ಇರಲಿ. ಬಾಯಿಗೆ ಹೋಗುವ ನೀರೆಲ್ಲ ಕುಡಿಯುವ ನೀರೆಂದೇ ಎಣಿಸಿರಿ.

ನೀರನ್ನು ಬಿಟ್ಟರೆ ಆಹಾರಗಳಲ್ಲಿ ಫ್ಲೋರೈಡು ಸಾಮಾನ್ಯವಾಗಿ ಅಲ್ಪ. ಇದಕ್ಕೆ ದೊಡ್ಡ ಅಪವಾದ ಚಹ. ಚಹದ ಗಿಡ ಮಣ್ಣಿನಿಂದ ಫ್ಲೋರೈಡನ್ನು ಹೀರಿ ಎಲೆಯಲ್ಲಿ ಶೇಖರಿಸುತ್ತದೆ. ಬಲಿತ ಎಲೆಯಲ್ಲಿ ಇನ್ನೂ ಹೆಚ್ಚು. ಕೆಟ್ಟ ನೀರಿನಲ್ಲಿ ಕಡುಚಹ ಕಾಸಿದರೆ ಎರಡು ಕಡೆಯ ಫ್ಲೋರೈಡೂ ಒಂದೇ ಲೋಟದಲ್ಲಿ ಕೂಡುತ್ತದೆ. ಕಾಫಿಗೆ ಈ ದೋಷವಿಲ್ಲವೆಂಬುದು ಕಾಫಿಪ್ರಿಯರಿಗೆ ಸಂತೋಷದ ಸುದ್ದಿ. ಮಕ್ಕಳಿಗೆ ಚಹವನ್ನು ಅಭ್ಯಾಸ ಮಾಡಿಸದಿರುವುದು ಒಳ್ಳೆಯದು.

ರಕ್ಷಣೆಯ ಕಡೆಗೆ ನಮ್ಮ ಸೀಮೆಯ ಊಟದಲ್ಲಿಯೇ ಒಳ್ಳೆಯ ಗುಣಗಳುಂಟು. ಸುಣ್ಣಾಂಶವು ಹೊಟ್ಟೆಯಲ್ಲಿಯೂ ಫ್ಲೋರೈಡನ್ನು ಹಿಡಿದು, ಅದು ರಕ್ತಕ್ಕೆ ಸೇರುವುದನ್ನು ಕಡಮೆ ಮಾಡುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಅಕ್ಕಿಯಲ್ಲಿರುವುದು ಅದರ ಒಂದು ಸಣ್ಣ ಭಾಗ. ಹಾಲು, ಮಜ್ಜಿಗೆ, ನುಗ್ಗೆಸೊಪ್ಪುಗಳೂ ಈ ದೃಷ್ಟಿಯಿಂದ ಹಿತವಾದುವು. ಹುಣಿಸೆಹಣ್ಣನ್ನು ಆಹಾರದಲ್ಲಿ ಸೇರಿಸಿದಾಗ ಶಾಲೆಯ ಹುಡುಗರ ಮೂತ್ರದಲ್ಲಿ ಹೆಚ್ಚು ಫ್ಲೋರೈಡು ಹೊರಬಿದ್ದಿತೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗದಿಂದ ತಿಳಿದಿದೆ. ಹಾಗೆಂದು ಮುದ್ದೆ ಹುಳಿಸಾರುಗಳೇ ಔಷಧವೆಂದು ನಂಬಿ ಕೆಟ್ಟ ನೀರನ್ನು ಕುಡಿಯುತ್ತ ಕೂರಬಾರದು. ಊಟ ಸಹಾಯ ಮಾಡೀತು. ಬಾವಿಯ ದೋಷವನ್ನು ಅಳಿಸಲಾರದು.

ಮಕ್ಕಳ ಹಲ್ಲು

ಹಲ್ಲಿನ ಬಿಳುಪು ಹೊರಕ್ಕೆ ಬಂದ ಮೇಲೆ ಆಗುವುದಲ್ಲ. ಅದು ವಸಡಿನ ಒಳಗೇ ಸಿದ್ಧವಾಗುತ್ತದೆ. ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ ಶಾಶ್ವತ ದಂತಗಳ ಹೊಳಪಿನ ಪದರ ಒಳಗೆ ರೂಪುಗೊಳ್ಳುತ್ತಿರುತ್ತದೆ. ಆ ಕಾಲದಲ್ಲಿ ಫ್ಲೋರೈಡು ಮಿತಿಮೀರಿದರೆ ಹಲ್ಲು ಸುಣ್ಣ ಬಳಿದಂತೆ ಮಂಕಾಗಿ, ಅಡ್ಡಗೆರೆಗಳು ಮೂಡಿ, ಬರಬರುತ್ತ ಹಳದಿಯಾಗಿ ಕಂದಾಗುತ್ತದೆ. ಎಡಗಡೆಯ ಹಲ್ಲಿನ ಹಾಗೆಯೇ ಬಲಗಡೆಯ ಜೊತೆಹಲ್ಲಿನ ಮೇಲೆಯೂ ಕಲೆಯಿರುವುದು ಇದರ ಒಂದು ಗುರುತು. ಇದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ಆದರೂ ಎಷ್ಟೋ ಮಕ್ಕಳು 'ಹಲ್ಲುಜ್ಜದ ಸೋಮಾರಿ' ಎಂಬ ಬೈಗುಳನ್ನು ಮನೆಯಲ್ಲಿಯೂ ಶಾಲೆಯಲ್ಲಿಯೂ ಕೇಳುತ್ತವೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿಯುತ್ತವೆ. ಹೆಣ್ಣುಮಕ್ಕಳಿಗೆ ವರನನ್ನು ಹುಡುಕುವಾಗಲೂ ಈ ಕಲೆ ಮಾತಿಗೆ ಬರುತ್ತದೆ. ತಪ್ಪು ಬಾವಿಯದು, ಬೈಗುಳು ಮಗುವಿಗೆ. ಇದಕ್ಕಿಂತ ಅನ್ಯಾಯ ಮತ್ತೊಂದಿಲ್ಲ.

ಲೀಟರಿಗೆ 3ರಿಂದ 6 ಮಿಲಿಗ್ರಾಮಿನಷ್ಟಿರುವ ನೀರನ್ನು ಬಹುಕಾಲ ಕುಡಿದವರಲ್ಲಿ ಮೂಳೆಗಳೂ ಕೆಡಬಹುದು. ಕೀಲುಗಳಲ್ಲಿ ಬಿಗಿತ, ಸೊಂಟದಲ್ಲಿ ನೋವು, ನೆಲದಿಂದ ವಸ್ತುವನ್ನೆತ್ತಲು ಬಗ್ಗಲಾರದಿರುವುದು ಇವು ಅದರ ಲಕ್ಷಣಗಳು. ಇವೇ ಲಕ್ಷಣಗಳು ಬೇರೆ ರೋಗಗಳಿಂದಲೂ ಬರುವುದರಿಂದ ನೀವಾಗಿಯೇ ತೀರ್ಮಾನಿಸದೆ ವೈದ್ಯರಿಗೆ ತೋರಿಸಿರಿ. ತೋರಿಸುವಾಗ ಯಾವ ಬಾವಿಯ ನೀರು ಕುಡಿಯುತ್ತೀರೆಂಬುದನ್ನೂ ಹೇಳಿರಿ.

ಮಾಡಬೇಕಾದದ್ದು

ಮೊದಲ ಕೆಲಸ ಪರೀಕ್ಷೆ. ಪಕ್ಕದ ಮನೆಯವರ ಬಾವಿ ಚೆನ್ನಾಗಿದೆಯೆಂಬುದು ನಿಮ್ಮ ಬಾವಿಗೆ ಸಾಕ್ಷಿಯಾಗದು. ಹತ್ತು ವರ್ಷದ ಹಿಂದಿನ ವರದಿ ಇಂದಿಗೆ ಸಾಕ್ಷಿಯಾಗದು. ಬಾವಿಯನ್ನು ಮತ್ತೆ ಆಳಗೊಳಿಸಿದ್ದರಂತೂ ಮತ್ತೆ ಪರೀಕ್ಷಿಸಲೇಬೇಕು. ಪಂಪನ್ನು ಕೆಲವು ನಿಮಿಷ ಓಡಿಸಿ, ಒಂದು ಶುಭ್ರವಾದ ಪ್ಲಾಸ್ಟಿಕ್ ಬಾಟಲನ್ನು ಅದೇ ನೀರಿನಿಂದ ಎರಡು ಮೂರು ಬಾರಿ ತೊಳೆದು ತುಂಬಿಸಿರಿ. ಗಾಜಿನ ಬಾಟಲು ಬೇಡ. ಫ್ಲೋರೈಡು ಗಾಜಿಗೂ ಅಂಟಿಕೊಳ್ಳುವ ಸ್ವಭಾವದ್ದು. ಬಾಟಲಿನ ಮೇಲೆ ಸ್ಥಳ, ಆಳ, ತಾರೀಖುಗಳನ್ನು ಬರೆಯಿರಿ. ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಪ್ರಯೋಗಶಾಲೆಗಳಲ್ಲಿ ಈ ಪರೀಕ್ಷೆಯುಂಟು. ಬೇಸಗೆಯಲ್ಲೊಮ್ಮೆ, ಮಳೆಗಾಲದ ಮೇಲೊಮ್ಮೆ ಮಾಡಿಸಿದರೆ ಉತ್ತಮ.

ಎರಡನೆಯದು, ಮಿತಿಮೀರಿದ್ದರೆ ಬೇರೆ ನೀರಿನ ಏರ್ಪಾಡು. ಸೂರಿನ ಮಳೆನೀರನ್ನು ಶುಚಿಯಾಗಿ ಹಿಡಿದಿಡುವುದು ಎಲ್ಲಕ್ಕಿಂತ ಸುಲಭ. ನಾಗಪುರದ ರಾಷ್ಟ್ರೀಯ ಪರಿಸರ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿಗಳನ್ನು ಅಳತೆಯರಿತು ಬೆರೆಸಿ, ಫ್ಲೋರೈಡನ್ನು ಗಸಿಯ ರೂಪದಲ್ಲಿ ತಳಕ್ಕಿಳಿಸುತ್ತಾರೆ. ಅಳತೆ ತಪ್ಪಬಾರದಾದ್ದರಿಂದ ಇದನ್ನು ತಿಳಿದವರೇ ಮಾಡಬೇಕು. ಆರ್.ಓ. ಯಂತ್ರವೂ ಫ್ಲೋರೈಡನ್ನು ತಡೆಯುತ್ತದೆ. ಆದರೆ ಅದು ಹೊರಚೆಲ್ಲುವ ನೀರಿನಲ್ಲಿ ಫ್ಲೋರೈಡು ಮೊದಲಿಗಿಂತ ಗಟ್ಟಿಯಾಗಿರುತ್ತದೆ. ಹಾಳಾಗುವುದೇಕೆಂದು ಅದನ್ನು ಅಡುಗೆಗೋ ದನದ ಬಾನಿಗೋ ಸುರಿಯಬಾರದು. ನೆಲ ಒರಸಲು ಬಳಸಬಹುದು. ಯಂತ್ರದೊಳಗಿನ ಪೊರೆ ಸವೆದರೆ ನೀರು ಬರುತ್ತಲೇ ಇರುತ್ತದೆ, ಶುದ್ಧಿ ಮಾತ್ರ ಇರುವುದಿಲ್ಲ. ಆದ್ದರಿಂದ ಘಟಕದಿಂದ ಹೊರಬರುವ ನೀರನ್ನೂ ಆಗಾಗ ಪರೀಕ್ಷಿಸಿರೆಂದು ಕೇಳುವ ಹಕ್ಕು ನಾಣ್ಯ ಹಾಕುವವರಿಗೆಲ್ಲ ಉಂಟು.

ಮೂರನೆಯದು ಊರೆಲ್ಲ ಸೇರಿ ಮಾಡಬೇಕಾದ ಕೆಲಸ. ಚಿನ್ನಕ್ಕಾಗಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಕೆ.ಜಿ.ಎಫ್.ನವರು ಕೂಡ ಕುಡಿಯುವ ನೀರಿಗೆ ನಂಬಿದ್ದು ಪಾಲಾರಿನ ಬೇತಮಂಗಲದ ಕೆರೆಯನ್ನು. ಈಗ ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗಾಗಿ ಮಾರ್ಕಂಡೇಯ ನದಿಗೆ ಕಟ್ಟಿದ ಯರಗೋಳು ಅಣೆಕಟ್ಟು 2023ರಲ್ಲಿ ಉದ್ಘಾಟನೆಯಾಗಿದೆ. ಮೇಲೆ ನಿಂತ ಮಳೆನೀರು ಬಂಡೆಯೊಡನೆ ಕಾಲ ಕಳೆದ ನೀರಲ್ಲ. ಅದರ ಬೆಲೆ ಅಲ್ಲಿದೆ. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ತುಂಬಿಸುತ್ತಿರುವುದು ಅಂತರ್ಜಲಕ್ಕಾಗಿಯೇ ಹೊರತು ನೇರವಾಗಿ ಕುಡಿಯುವುದಕ್ಕಲ್ಲವೆಂಬುದನ್ನು ಮರೆಯಬಾರದು. ಯಾವ ಯೋಜನೆಯ ನೀರಾದರೂ ನಿಮ್ಮ ನಲ್ಲಿಗೆ ಬರುವ ದಾರಿಯಲ್ಲಿ ಕೊಳವೆಬಾವಿಯ ನೀರಿನೊಡನೆ ಬೆರೆಯಬಹುದು. ಆದ್ದರಿಂದ ನಲ್ಲಿಯ ಬಾಯಲ್ಲಿ ಹಿಡಿದ ನೀರಿನ ಪರೀಕ್ಷೆಯೇ ಕೊನೆಯ ಮಾತು.

ಓಕ್ಲಿಯವರು ಕಾರಣ ತಿಳಿಯುವುದಕ್ಕೆ ಮೊದಲೇ ಚಿಲುಮೆಯನ್ನು ಬದಲಾಯಿಸಿ ಕಿರಿಯ ಮಕ್ಕಳನ್ನು ಉಳಿಸಿಕೊಂಡರು. ನಮಗೆ ಕಾರಣವೂ ತಿಳಿದಿದೆ, ಅಳೆಯುವ ವಿಧಾನವೂ ತಿಳಿದಿದೆ. ಮನೆಯಲ್ಲಿ ಎಂಟು ವರ್ಷದೊಳಗಿನ ಮಗುವಿದ್ದರೆ ಕಾಯುವುದಕ್ಕೆ ವೇಳೆಯಿಲ್ಲ. ಈ ವಾರವೇ ಒಂದು ಬಾಟಲು ನೀರನ್ನು ಪರೀಕ್ಷೆಗೆ ಕಳುಹಿಸಿರಿ.